ಕಂದೀಲಿನ ಗಾಜಿನಿಂದ ಪೈ ತಟ್ಟೆಯವರೆಗೆ

ಉರಿಯುವ ಕಂದೀಲಿನ ಗಾಜಿನ ಮೇಲೆ ಮಳೆಯ ಒಂದು ಹನಿ ಬಿದ್ದರೆ ಸಾಕು, ಚಟ್ಟೆಂದು ಸೀಳುತ್ತಿತ್ತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವಣೂರು ಆಗ ನವಾಬರ ಸಂಸ್ಥಾನ. ಉಳಿದ ಮೂರು ಊರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಈಗಿನ ಸಾತಾರಾ ಜಿಲ್ಲೆಯ ಓಗಲೆವಾಡಿಯಲ್ಲಿ 1916ರಲ್ಲಿ ಶುರುವಾದ ಓಗಲೆ ಗಾಜಿನ ಕಾರ್ಖಾನೆಯ ‘ಪ್ರಭಾಕರ’ ಕಂದೀಲು ಹೆಸರುವಾಸಿಯಾಗಿತ್ತು.

ಈಗ ಅದೇ ಊರುಗಳ ಅಡುಗೆಮನೆಗೆ ಇನ್ನೊಂದು ಗಾಜು ಬಂದಿದೆ. ಹುಬ್ಬಳ್ಳಿಯ ಅಂಗಡಿಯಿಂದಲೋ ಆನ್‌ಲೈನಿನಿಂದಲೋ ತರಿಸಿದ ಗಾಜಿನ ಬೇಕಿಂಗ್ ತಟ್ಟೆ. ಕೇಕ್, ಬ್ರೆಡ್ ಪುಡಿಂಗ್ ಆದ ಮೇಲೆ ಪೈ ಕಡೆಗೂ ಮನಸ್ಸು ಹೊರಳುತ್ತದೆ. ಮೈದಾ ಮತ್ತು ಬೆಣ್ಣೆಯ ಹಾಳೆಯನ್ನು ತಟ್ಟೆಗೆ ಹಾಸಿ, ಹಣ್ಣಿನ ಹೂರಣ ತುಂಬಿ, ಓವನ್ನಿನಲ್ಲಿ ಬೇಯಿಸುವ ತಿನಿಸು ಅದು. ಹಾನಗಲ್ಲಿನ ಮಾವು ಮಾಗುವ ದಿನಗಳಲ್ಲಿ ಹೂರಣಕ್ಕಂತೂ ಬರವಿಲ್ಲ. ಆದರೆ ಕಂದೀಲಿನ ಗಾಜನ್ನು ಸೀಳಿದ ಕಾರಣ ಈ ತಟ್ಟೆಯನ್ನೂ ಬಿಟ್ಟಿಲ್ಲ. ಆ ಕಾರಣವನ್ನು ಗೆಲ್ಲಲು ನಡೆದ ನೂರಮೂವತ್ತು ವರ್ಷಗಳ ಪ್ರಯತ್ನವೇ ಅಡುಗೆ ಗಾಜಿನ ಚರಿತ್ರೆ.

ಒಡೆಯುವುದೇಕೆ?

ಗಾಜನ್ನು ಒಡೆಯುವುದು ಬಿಸಿಯಲ್ಲ, ಬಿಸಿಯ ವ್ಯತ್ಯಾಸ. ಕಾದ ಭಾಗ ಹಿಗ್ಗುತ್ತದೆ, ತಣ್ಣಗಿನ ಭಾಗ ಹಿಗ್ಗುವುದಿಲ್ಲ. ಲೋಹವಾದರೆ ಬಿಸಿಯನ್ನು ಬೇಗ ಹಂಚಿಕೊಂಡು, ತುಸು ಬಾಗಿ ಸುಧಾರಿಸಿಕೊಳ್ಳುತ್ತದೆ. ಗಾಜಿನಲ್ಲಿ ಬಿಸಿ ನಿಧಾನಕ್ಕೆ ಹರಿಯುತ್ತದೆ, ಬಾಗುವ ಗುಣವೂ ಅದಕ್ಕಿಲ್ಲ. ಮರಳು, ಸೋಡಾ, ಸುಣ್ಣ ಸೇರಿಸಿ ಮಾಡಿದ ಸಾಮಾನ್ಯ ಗಾಜಿನ ಒಂದು ಮೀಟರ್ ಪಟ್ಟಿ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 0.9 ಮಿಲಿಮೀಟರ್ ಉದ್ದವಾಗುತ್ತದೆ. ಬೋರಾನ್ ಆಕ್ಸೈಡ್ ಬೆರೆಸಿದ ಬೋರೋಸಿಲಿಕೇಟ್ ಗಾಜು ಸುಮಾರು 0.33 ಮಿಲಿಮೀಟರ್ ಮಾತ್ರ. ಹಿಗ್ಗುವುದು ಕಡಿಮೆಯಾದಷ್ಟೂ ಒಳಗಿನ ಎಳೆದಾಟ ಕಡಿಮೆ.

ಇನ್ನೊಂದು ಕಾರಣವನ್ನು ಇಂಗ್ಲೆಂಡಿನ ಎ. ಎ. ಗ್ರಿಫಿತ್ 1920ರ ಸುಮಾರಿಗೆ ತೋರಿಸಿಕೊಟ್ಟರು. ಗಾಜಿನ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳೇ ಅದರ ಬಲವನ್ನು ತಗ್ಗಿಸುತ್ತವೆ. ಬಿರುಕು ಹೊರಡುವುದು ಅಲ್ಲಿಂದಲೇ. ನಿನ್ನೆವರೆಗೆ ಚೆನ್ನಾಗಿದ್ದ ತಟ್ಟೆ ಇವತ್ತು ‘ತಾನಾಗಿ’ ಒಡೆಯಿತು ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇಂಥದೊಂದು ಹಳೆಯ ಗೀರು ಇರುತ್ತದೆ.

ಜೇನಾದಿಂದ ಕಾರ್ನಿಂಗ್‌ಗೆ

ಜರ್ಮನಿಯ ಜೇನಾದಲ್ಲಿ 1884ರಲ್ಲಿ ಆಟೋ ಷಾಟ್, ಅರ್ನ್ಸ್ಟ್ ಅಬೆ ಮತ್ತು ಕಾರ್ಲ್ ಝೈಸ್ ಸೇರಿ ಗಾಜಿನ ಪ್ರಯೋಗಾಲಯ ತೆರೆದರು. ಬಿಸಿಯನ್ನು ತಾಳುವ ಬೋರೋಸಿಲಿಕೇಟ್ ಗಾಜು ರೂಪುಗೊಂಡದ್ದು ಅಲ್ಲಿ. ಆಗ ಅದರ ಗಿರಾಕಿ ಅಡುಗೆಯವರಲ್ಲ. ಥರ್ಮಾಮೀಟರು, ಪ್ರಯೋಗಾಲಯದ ಪಾತ್ರೆ, ಗ್ಯಾಸ್ ದೀಪದ ಚಿಮಣಿಗಳಿಗೆ ಅದು ಬೇಕಾಗಿತ್ತು.

ಅಮೆರಿಕದಲ್ಲಿಯೂ ದಾರಿ ದೀಪದಿಂದಲೇ ಶುರುವಾಯಿತು. ರೈಲ್ವೆಯ ಸಿಗ್ನಲ್ ಲಾಂದ್ರದ ಕಾದ ಗಾಜು ಮಳೆ, ಹಿಮಕ್ಕೆ ಒಡೆಯುತ್ತಿತ್ತು. ಇದಕ್ಕೆ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗ್ಲಾಸ್ ವರ್ಕ್ಸ್ ‘ನೋನೆಕ್ಸ್’ ಎಂಬ ಕಡಿಮೆ ಹಿಗ್ಗುವ ಗಾಜನ್ನು ಮಾಡಿತು. ಅದು ಒಡೆಯದಾದ್ದರಿಂದ ಬದಲಿ ಗಾಜಿನ ಬೇಡಿಕೆಯೇ ಕುಗ್ಗಿತು; ಕಂಪನಿ ಹೊಸ ಉಪಯೋಗ ಹುಡುಕಬೇಕಾಯಿತು. ಕಂಪನಿಯ ಭೌತವಿಜ್ಞಾನಿ ಜೆಸ್ಸಿ ಲಿಟಲ್‌ಟನ್ 1913ರಲ್ಲಿ ಅದೇ ಗಾಜಿನ ಬ್ಯಾಟರಿ ಜಾಡಿಯೊಂದರ ತಳವನ್ನು ಕತ್ತರಿಸಿ ಮನೆಗೆ ತಂದರು. ಹೆಂಡತಿ ಬೆಸ್ಸಿ ಅದರಲ್ಲಿ ಸ್ಪಾಂಜ್ ಕೇಕ್ ಬೇಯಿಸಿದರು. ಕೇಕ್ ಸಮನಾಗಿ ಬೆಂದಿತು, ಗಾಜು ಸೀಳಲಿಲ್ಲ. ಆ ಗಾಜಿನಲ್ಲಿದ್ದ ಸೀಸವನ್ನು ತೆಗೆದು, ಅಡುಗೆಗೆ ತಕ್ಕ ಮಿಶ್ರಣವನ್ನು ಯೂಜೀನ್ ಸಲಿವನ್ ಮತ್ತು ವಿಲಿಯಂ ಟೇಲರ್ ರೂಪಿಸಿದರು. 1915ರಲ್ಲಿ ‘ಪೈರೆಕ್ಸ್’ ಮಾರುಕಟ್ಟೆಗೆ ಬಂತು. ಮೊದಲ ಸಾಲಿನ ಪಾತ್ರೆಗಳಲ್ಲೇ ಪೈ ತಟ್ಟೆ ಇತ್ತು.

ಮುಂದೆ ಗಾಜು ಒಲೆಯ ಮೇಲಕ್ಕೂ ಏರಿತು. 1936ರಿಂದ 1979ರವರೆಗೆ ಬಂದ ‘ಫ್ಲೇಮ್‌ವೇರ್’ ನೇರ ಉರಿಗೆಂದೇ ಮಾಡಿದ ಬೇರೆ ಬಗೆಯ ಗಾಜು. 1958ರ ‘ಕಾರ್ನಿಂಗ್‌ವೇರ್’ ಗಾಜು-ಪಿಂಗಾಣಿಯದು. ಪೈ ತಟ್ಟೆ ಮಾತ್ರ ಓವನ್ನಿನ ಪಾತ್ರೆಯಾಗಿಯೇ ಉಳಿಯಿತು, ಇಂದಿಗೂ ಹಾಗೇ.

ಭಾರತಕ್ಕೆ ಈ ಗಾಜು ಬಂದದ್ದು ಕಾಲೇಜು ಪ್ರಯೋಗಾಲಯದ ಮೂಲಕ. 1962ರಲ್ಲಿ ಕಾರ್ನಿಂಗ್ ಸಹಯೋಗದೊಂದಿಗೆ ಮುಂಬಯಿಯಲ್ಲಿ ಬೋರೋಸಿಲ್ ಸ್ಥಾಪನೆಯಾಯಿತು. ಕೆಮಿಸ್ಟ್ರಿ ಲ್ಯಾಬಿನ ಬೀಕರು, ಫ್ಲಾಸ್ಕುಗಳ ಮೇಲೆ ಆ ಹೆಸರನ್ನು ಓದಿದ ತಲೆಮಾರು ಮುಂದೆ ಅದೇ ಹೆಸರನ್ನು ಮೈಕ್ರೊವೇವ್ ಪಾತ್ರೆಗಳ ಮೇಲೆ ಕಂಡಿತು. ಕಾರ್ನಿಂಗ್ ತನ್ನ ಪಾಲನ್ನು 1988ರಲ್ಲಿ ಭಾರತೀಯ ಪಾಲುದಾರರಿಗೆ ಮಾರಿತು.

ಹೊಣೆ ಕೈ ಬದಲಿಸಿತು

ಬೋರೋಸಿಲಿಕೇಟ್ ಕರಗಲು ಹೆಚ್ಚು ಉಷ್ಣತೆ ಬೇಕು, ಹಾಗಾಗಿ ಖರ್ಚೂ ಹೆಚ್ಚು. ಅಮೆರಿಕದ ಪೈರೆಕ್ಸ್ ಕ್ರಮೇಣ ಸೋಡಾ-ಸುಣ್ಣದ ಗಾಜಿಗೆ ಹೊರಳಿತು. 1998ರಲ್ಲಿ ಕಾರ್ನಿಂಗ್ ಅಡುಗೆ ಪಾತ್ರೆಗಳ ವ್ಯವಹಾರವನ್ನೇ ಮಾರಿಬಿಟ್ಟಿತು. ಯುರೋಪಿನಲ್ಲಿ ಬೋರೋಸಿಲಿಕೇಟ್ ಪೈರೆಕ್ಸ್ ಮುಂದುವರಿಯಿತು. ಸೋಡಾ ಗಾಜನ್ನು ಕಾಯಿಸಿ ಥಟ್ಟನೆ ತಣಿಸಿ, ಹೊರಮೈ ಬಿಗಿಯಾಗುವಂತೆ ಗಟ್ಟಿಗೊಳಿಸುತ್ತಾರೆ. ಇದು ಕೈಜಾರಿ ಬಿದ್ದಾಗ ಹೆಚ್ಚು ತಾಳುತ್ತದೆ ಎನ್ನುವುದು ತಯಾರಕರ ವಾದ, ಅದರಲ್ಲಿ ಹುರುಳಿದೆ. ಆದರೆ ಓವನ್ನಿನ ಮಾತು ಬೇರೆ. ಅಮೆರಿಕನ್ ಸೆರಾಮಿಕ್ ಸೊಸೈಟಿಯ ಪತ್ರಿಕೆಯಲ್ಲಿ 2012ರಲ್ಲಿ ರಿಚರ್ಡ್ ಬ್ರಾಟ್ ಮತ್ತು ರಿಚರ್ಡ್ ಮಾರ್ಟೆನ್ಸ್ ಹಾಕಿದ ಲೆಕ್ಕದಂತೆ, ಬೋರೋಸಿಲಿಕೇಟ್ ಸುಮಾರು 183 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ತಾಳಬಲ್ಲದು. ಸೋಡಾ ಗಾಜು ಸುಮಾರು 55 ಡಿಗ್ರಿ ಮಾತ್ರ.

ಅಂದರೆ, ಒಂದು ಕಾಲಕ್ಕೆ ಕಾರ್ಖಾನೆ ಹೊತ್ತಿದ್ದ ಎಚ್ಚರದ ಹೊಣೆಯ ದೊಡ್ಡ ಪಾಲು ಈಗ ಅಡುಗೆ ಮಾಡುವವರ ಮೇಲೆ ಬಿದ್ದಿದೆ. ಹೆಸರು ಹಳೆಯದೇ ಇರಬಹುದು, ಒಳಗಿನ ಗಾಜು ಬೇರೆ ಇರಬಹುದು.

ಕೊಳ್ಳುವಾಗ

ಹೆಸರಿಗಿಂತ ಡಬ್ಬಿಯ ಮೇಲಿನ ಬರಹ ನೋಡಿ. ‘ಬೋರೋಸಿಲಿಕೇಟ್’ ಎಂದಿರಲಿ, ‘ಓವನ್ ಸೇಫ್’ ಎಂದೂ ಇರಲಿ. ಬರೀ ‘ಮೈಕ್ರೊವೇವ್ ಸೇಫ್’ ಎಂದಿದ್ದರೆ ಅದು ಪೈಗಲ್ಲ. ಮೈಕ್ರೊವೇವಿನಲ್ಲಿ ಕಾಯುವುದು ಮುಖ್ಯವಾಗಿ ಒಳಗಿನ ಆಹಾರ. ಓವನ್ನಿನಲ್ಲಿ ತಟ್ಟೆಯೇ 180 ಡಿಗ್ರಿಗೆ ಏರುತ್ತದೆ.

ಮನೆಯಲ್ಲೇ ಪರೀಕ್ಷಿಸುವ ದಾರಿಯೂ ಒಂದಿದೆ. ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ ತಟ್ಟೆಯ ಅಂಚನ್ನು ಅದ್ದಿ ನೋಡಿ. ಬೋರೋಸಿಲಿಕೇಟ್ ಮತ್ತು ಈ ಎಣ್ಣೆಗಳ ವಕ್ರೀಭವನ ಸೂಚ್ಯಂಕ ಎರಡೂ ಹೆಚ್ಚುಕಡಿಮೆ 1.47. ಆದ್ದರಿಂದ ಮುಳುಗಿದ ಅಂಚು ಕಣ್ಣಿಗೆ ಮಾಯವಾದಂತಾಗುತ್ತದೆ. ಸೋಡಾ ಗಾಜಿನದು 1.52, ಅದರ ಗೆರೆ ಎಣ್ಣೆಯಲ್ಲೂ ಕಾಣುತ್ತದೆ. ಸೋಡಾ ಗಾಜಿನ ಅಂಚು ಸಾಮಾನ್ಯವಾಗಿ ತುಸು ಹಸಿರಾಗಿಯೂ ಇರುತ್ತದೆ.

ಬಳಸುವಾಗ

ಫ್ರಿಜ್ಜಿನಲ್ಲಿಟ್ಟ ತಟ್ಟೆಯನ್ನು ನೇರವಾಗಿ ಓವನ್ನಿಗೆ ಹಾಕಬೇಡಿ. ಹಿಟ್ಟಿನ ಹಾಳೆ ತಣ್ಣಗಿರಬೇಕೆಂದರೆ ಹಿಟ್ಟನ್ನಷ್ಟೇ ಫ್ರಿಜ್ಜಿನಲ್ಲಿಡಿ, ಲಟ್ಟಿಸಿದ ಮೇಲೆ ತಟ್ಟೆಗೆ ಹಾಸಿ. ಓವನ್ ಪೂರ್ತಿ ಕಾದ ಮೇಲೆಯೇ ತಟ್ಟೆ ಒಳಗೆ ಹೋಗಲಿ. ಕಾಯುವ ಹೊತ್ತಿನಲ್ಲಿ ಸಣ್ಣ ಓವನ್ನಿನ ಕೆಂಪಾದ ಸರಳುಗಳು ಗಾಜಿನ ಒಂದೇ ಭಾಗವನ್ನು ಸುಡುತ್ತವೆ. ಮೇಲಿನ ಗ್ರಿಲ್ ಸರಳಿನ ಕೆಳಗೆ ಗಾಜು ಇಡಲೇಬಾರದು.

ಗಾಜು ಕಾಯಲು ತಡ, ಆರಲೂ ತಡ. ತಗಡಿನ ತಟ್ಟೆಗೆಂದು ಬರೆದ ಪಾಕವಿಧಾನವಾದರೆ ಉಷ್ಣತೆಯನ್ನು ಸುಮಾರು 15 ಡಿಗ್ರಿ ಇಳಿಸಿ. ತಳ ಕೆಂಪಾಯಿತೇ ಎಂದು ಗಾಜಿನ ಮೂಲಕವೇ ಕಾಣುತ್ತದೆ. ಪೈಗೆ ಗಾಜನ್ನು ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ.

ಹೊರತೆಗೆದ ತಟ್ಟೆಯನ್ನು ಕಡಪಾ ಅಥವಾ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ. ಕಲ್ಲು ಥಟ್ಟನೆ ಬಿಸಿ ಎಳೆದುಕೊಳ್ಳುತ್ತದೆ. ಮರದ ಹಲಗೆ ಇಲ್ಲವೇ ಮಡಿಸಿದ ಒಣ ಬಟ್ಟೆ ಸಾಕು. ಒದ್ದೆ ಮಸಿಬಟ್ಟೆಯಿಂದ ಹಿಡಿಯುವುದು, ಬಿಸಿ ತಟ್ಟೆಗೆ ತಣ್ಣೀರು ಸುರಿಯುವುದು ಕಂದೀಲಿನ ಮೇಲೆ ಹನಿ ಬಿದ್ದಂತೆಯೇ.

ಬೂದಿ, ಮರಳು, ಸ್ಟೀಲ್ ನಾರು ಹಾಕಿ ಉಜ್ಜಬೇಡಿ, ಗೀರು ಬೀಳುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನಿಂಬೆರಸ ಸಾಕು. ಅಂಚು ಚಕ್ಕೆ ಎದ್ದ ತಟ್ಟೆಯಲ್ಲಿ ಸಾಮಾನು ತುಂಬಿಡಬಹುದು, ಬೇಯಿಸುವಂತಿಲ್ಲ. ಓವನ್ನಿನೊಳಗೇ ಒಡೆದರೆ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ಇಟ್ಟು, ಪೂರ್ತಿ ತಣಿದ ಮೇಲೆ ಚೂರು ತೆಗೆಯಿರಿ. ಎಷ್ಟೇ ಆಸೆಪಟ್ಟು ಮಾಡಿದ ಪೈ ಆಗಿದ್ದರೂ ಅದನ್ನು ತಿನ್ನಬೇಡಿ.

ಮನೆಯಲ್ಲಿ ಓವನ್ ಇಲ್ಲ, ಗ್ಯಾಸ್ ಒಲೆಯ ಮೇಲೆ ಬಾಣಲೆಗೆ ಮರಳು ಹಾಕಿಯೋ ಕುಕ್ಕರಿನಲ್ಲಿಯೋ ಬೇಯಿಸುವವರು ನೀವಾದರೆ ಗಾಜಿನ ತಟ್ಟೆಯ ಗೊಡವೆಯೇ ಬೇಡ. ಅಲ್ಲಿ ಬಿಸಿ ತಳದಿಂದಷ್ಟೇ ಏರುತ್ತದೆ, ಗಾಜಿಗೆ ಅದು ಆಗಿಬರುವುದಿಲ್ಲ. ಅಲ್ಯುಮಿನಿಯಂ ತಟ್ಟೆ ಅಗ್ಗ, ಬೀಳಿಸಿದರೂ ನೆಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ, ಮಾವಿನ ಪೈಯೂ ಅದರಲ್ಲಿ ಚೆನ್ನಾಗಿಯೇ ಬೇಯುತ್ತದೆ. ಓವನ್ ಇದ್ದವರು ಬೋರೋಸಿಲಿಕೇಟ್ ಕೊಳ್ಳಿ; ಈಗಾಗಲೇ ಸೋಡಾ ಗಾಜಿನ ತಟ್ಟೆ ಮನೆಯಲ್ಲಿದ್ದರೆ ಅದನ್ನು ಫ್ರಿಜ್ಜಿಗೂ ಊಟದ ಮೇಜಿಗೂ ಮೀಸಲಿಡಿ.