ಹಲಗೆಯ ಇನ್ನೊಂದು ತುದಿ

ಫ್ರೆಂಚ್ ನಿಸರ್ಗಶಾಸ್ತ್ರಜ್ಞ ಪಿಯರ್ ಸೊನೆರಾ 1774ರಿಂದ 1781ರವರೆಗೆ ಭಾರತ, ಚೀನಾಗಳ ಕಡೆ ತಿರುಗಾಡಿದ. ಮರುವರ್ಷ ಪ್ಯಾರಿಸ್‌ನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ನಮ್ಮ ಬಡಗಿಯ ಪ್ರಸ್ತಾಪವೂ ಬರುತ್ತದೆ. ಈತ ಬೆಂಚಿಲ್ಲದೆ ನೆಲದ ಮೇಲೆ ಕೂರುತ್ತಾನೆ, ಮರವನ್ನು ಪಾದದಿಂದ ಅದುಮಿ ಹಿಡಿಯುತ್ತಾನೆ, ಫ್ರಾನ್ಸಿನವರು ಮೂರು ದಿನದಲ್ಲಿ ಮುಗಿಸುವ ಕೆಲಸಕ್ಕೆ ಒಂದು ತಿಂಗಳು ತೆಗೆದುಕೊಳ್ಳುತ್ತಾನೆ ಎಂಬುದು ಸೊನೆರಾನ ದೂರು. ಅದಕ್ಕೆ ಕೆಲವೇ ವರ್ಷ ಮೊದಲು, 1769ರಿಂದ 1775ರ ನಡುವೆ, ಪ್ಯಾರಿಸ್ಸಿನ ಬಡಗಿ ಆಂದ್ರೆ ರೂಬೊ ತನ್ನ ಕಸುಬಿನ ಬಗ್ಗೆ ಬೃಹತ್ ಸಚಿತ್ರ ಗ್ರಂಥವನ್ನು ಹೊರತಂದಿದ್ದ. ಅದರಲ್ಲಿರುವ ದಪ್ಪ ಹಲಗೆಯ ಬೆಂಚನ್ನು ಇಂದಿಗೂ ಜಗತ್ತಿನ ಹವ್ಯಾಸಿ ಬಡಗಿಗಳು ನೋಡಿ ಕಟ್ಟಿಕೊಳ್ಳುತ್ತಾರೆ. ಈ ಎರಡನ್ನು ಅಕ್ಕಪಕ್ಕ ಇಟ್ಟು, ಬೆಂಚು ಮುನ್ನಡೆ, ನೆಲ ಹಿಂದುಳಿದದ್ದು ಎಂದು ತೀರ್ಮಾನಿಸುವುದು ಸುಲಭ. ಉದ್ದ ಹಲಗೆಯ ಕಡೆಯಿಂದ ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಹತ್ತಡಿ ಹಲಗೆಗೆ ಆಧಾರ ಕೊಡುವುದು ಹೇಗೆಂಬ ಪ್ರಶ್ನೆ ದೊಡ್ಡದಾದದ್ದು ಬಡಗಿ ನೆಲ ಬಿಟ್ಟು ಎದ್ದಾಗ. ಅದು ಇನ್ನಷ್ಟು ಬಿಗಡಾಯಿಸಿದ್ದು ಇನ್ನೊಂದು ತುದಿ ಹಿಡಿಯುವ ಕೈಯಾಳು ಅವನ ಪಕ್ಕದಿಂದ ಮರೆಯಾದಾಗ.

ನೆಲದ ಅನುಕೂಲವನ್ನು ಮೊದಲು ನೋಡೋಣ. ಹಲಗೆ ಆರಡಿಯದಾಗಲಿ ಹದಿನಾರಡಿಯದಾಗಲಿ, ಸಮ ನೆಲದ ಮೇಲೆ ಮಲಗಿಸಿದರೆ ಉದ್ದಕ್ಕೂ ಆಧಾರ ಸಿಗುತ್ತದೆ. ಎಲ್ಲೂ ಜೋಲುವುದಿಲ್ಲ, ಎಲ್ಲೂ ಅದುರುವುದಿಲ್ಲ. ಹತ್ತರಿ ಹೊಡೆಯುತ್ತಾ ಬಡಗಿ ಹಲಗೆಯ ಜೊತೆಗೇ ಮುಂದೆ ಸರಿಯಬಹುದು. ಮೈಯ ಭಾರವೇ ಹಿಡಿತವಾಗುವುದರಿಂದ ಎರಡು ಕೈಗಳೂ ಹತಾರಕ್ಕೆ ಬಿಡುವಾಗುತ್ತವೆ. ಇದು ಭಾರತದ ಬಡಗಿಯೊಬ್ಬನ ರೂಢಿಯೇನೂ ಆಗಿರಲಿಲ್ಲ. ಜರ್ಮನಿಯ ಸಾಲ್ಬುರ್ಗ್‌ನ ರೋಮನ್ ಕೋಟೆಯ ಬಾವಿಯಲ್ಲಿ ಸಿಕ್ಕ ಪ್ರಾಚೀನ ಬೆಂಚು ಮೊಣಕಾಲೆತ್ತರದ್ದು. ಅದರ ಮೇಲೆ ಮರವನ್ನಿಟ್ಟು ತಾನೂ ಕೂತು ಕೆಲಸ ಮಾಡುವಂಥದ್ದು. ಜಪಾನಿನ ಬಡಗಿಗಳು ಶತಮಾನಗಳ ಕಾಲ ನೆಲದ ಮಟ್ಟದಲ್ಲೇ ಕೂತು ಕೆಲಸ ಮಾಡಿದರು, ಮೊಳೆಯನ್ನು ಬಹುತೇಕ ದೂರವಿಟ್ಟು ಕಟ್ಟಿದ ಅವರ ದೇಗುಲಗಳ ಮರದ ಜೋಡಣೆಗಳಲ್ಲಿ ಕೂದಲೆಳೆಯ ಸಂದೂ ಕಾಣುವುದಿಲ್ಲ. ನೆಲದ ಮೇಲೆ ಕೂತರೆ ಕೆಲಸ ಒರಟಾಗುತ್ತದೆ ಎನ್ನುವವರಿಗೆ ಜಪಾನ್ ಒಂದೇ ಸಾಕಾದ ಉತ್ತರ. ಸೊನೆರಾ ಕಂಡ ನಿಧಾನಕ್ಕೆ ಹತಾರಗಳ ಕೊರತೆ, ಅವುಗಳ ಉಕ್ಕಿನ ಗುಣ, ಕೆಲಸ ಕೊಡುವವರ ಆತುರದ ಮಟ್ಟ, ಹೀಗೆ ಹಲವು ಕಾರಣಗಳಿರಬಹುದು. ಅವನು ಕಣ್ಣಿಗೆ ಬಿದ್ದ ಭಂಗಿಯ ಮೇಲೆ ಎಲ್ಲವನ್ನೂ ಹೊರಿಸಿದ.

ನೆಲ ಸೋಲುವುದು ಗರಗಸದ ಮುಂದೆ. ಗರಗಸಕ್ಕೆ ಮರದ ಕೆಳಗೂ ಜಾಗ ಬೇಕು. ಹಾಗಾಗಿ ದಿಮ್ಮಿಯನ್ನು ಎತ್ತರಿಸಬೇಕು, ಇಲ್ಲವೇ ಕೆಳಗೆ ಗುಂಡಿ ತೋಡಬೇಕು. ಜಪಾನಿನ ಕಲಾವಿದ ಹೊಕುಸಾಯ್ 1830ರ ಸುಮಾರಿಗೆ ರಚಿಸಿದ ಫ್ಯೂಜಿ ಪರ್ವತದ ಚಿತ್ರಮಾಲಿಕೆಯಲ್ಲಿ ತೊಟೊಮಿ ಪ್ರಾಂತ್ಯದ ಬೆಟ್ಟದ ದೃಶ್ಯವೊಂದಿದೆ. ಭಾರೀ ತೊಲೆಯೊಂದನ್ನು ಕತ್ತರಿಗಾಲಿಗೆ ಓರೆಯಾಗಿ ಆನಿಸಿದ್ದಾರೆ. ಒಬ್ಬ ಅದರ ಮೇಲೇರಿ, ಇನ್ನೊಬ್ಬ ಅಡಿಯಿಂದ ಕೊಯ್ಯುತ್ತಿದ್ದಾನೆ. ಇಂಗ್ಲೆಂಡಿನಲ್ಲಿ ಗುಂಡಿಯ ಮೇಲೆ ದಿಮ್ಮಿಯಿಟ್ಟು, ಮೇಲೊಬ್ಬ ಕೆಳಗೊಬ್ಬ ಒಂದೇ ಗರಗಸ ಎಳೆಯುತ್ತಿದ್ದರು. ನಮ್ಮಲ್ಲೂ ದಿಮ್ಮಿ ಕೊಯ್ಯುವುದು ಇಬ್ಬರ ಕೆಲಸವೇ ಆಗಿತ್ತು. ಈ ಎಲ್ಲ ಕಡೆ ಗಮನಿಸಬೇಕಾದ ಅಂಶ ಎರಡು: ಮರ ಅಲುಗದೆ ಬಿದ್ದಿರುತ್ತದೆ, ಚಲಿಸುವುದು ಹಲ್ಲು, ಮತ್ತು ಕೆಲಸದ ಜಾಗದಲ್ಲಿ ಎರಡನೆಯ ಮನುಷ್ಯ ಇದ್ದೇ ಇರುತ್ತಾನೆ.

ರೂಬೊನ ಬೆಂಚಿನ ಯೋಗ್ಯತೆಯನ್ನು ಕಡಿಮೆ ಮಾಡಬೇಕಾಗಿಲ್ಲ. ಅವನು ಹೇಳುವ ಉದ್ದ ಆರರಿಂದ ಹನ್ನೆರಡಡಿ, ಸಾಮಾನ್ಯವಾಗಿ ಒಂಬತ್ತಡಿ. ಮೇಲ್ಹಲಗೆಯೇ ಐದಾರು ಅಂಗುಲ ದಪ್ಪ. ಅದು ಬಡಗಿಯ ಸೊಂಟ ಉಳಿಸಿತು, ಹತ್ತರಿಯ ಹಿಂದೆ ಇಡೀ ಮೈಯ ಬಲ ಹಾಕಲು ಅವಕಾಶ ಕೊಟ್ಟಿತು. ಆದರೆ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಹತ್ತರಿ ಹೊಡೆಯಬೇಕಾದಾಗ ಒಂದು ತುದಿ ಹಿಡಿತದಲ್ಲಿದ್ದರೆ ಇನ್ನೊಂದು ಗಾಳಿಯಲ್ಲಿ ತೂಗುತ್ತದೆ. ಅದಕ್ಕಾಗಿ ಬೆಂಚಿನ ಕಾಲಿಗೆ ಸಾಲಾಗಿ ತೂತು ಕೊರೆದು ಗೂಟ ಸಿಕ್ಕಿಸಿದರು. ಹಲಗೆ ಆ ಕಾಲಿನವರೆಗೆ ಮುಟ್ಟದಿದ್ದರೆ ನಡುವೆ ಜಾರಿಸಬಹುದಾದ ತೂತಿನ ಪಟ್ಟಿ ಬಂತು. ಬೆಂಚು ದಾಟಿ ಹೋದರೆ ಪ್ರತ್ಯೇಕ ಕಂಬ ಬಂತು. ಈ ಸಲಕರಣೆಗಳನ್ನು ಜಾಣ್ಮೆಯೆಂದು ಮೆಚ್ಚುತ್ತಲೇ ಒಂದು ಮಾತು ಹೇಳಬೇಕು: ನೆಲದ ಮೇಲೆ ಬಿಟ್ಟಿಯಾಗಿ ಸಿಗುತ್ತಿದ್ದ ಆಧಾರವನ್ನು ಸೊಂಟದೆತ್ತರದಲ್ಲಿ ತುಂಡು ತುಂಡಾಗಿ ಮರಳಿ ಕಟ್ಟಬೇಕಾಯಿತು.

ಯಂತ್ರ ಬಂದಾಗ ವ್ಯವಸ್ಥೆ ತಿರುಗುಮುರುಗಾಯಿತು. ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಚಾರ್ಲ್ಸ್ ಡಿಂಗ್ಲಿ ಕಟ್ಟಿಸಿದ ಗಾಳಿಯಂತ್ರದ ಗರಗಸವನ್ನು 1768ರ ಮೇ ತಿಂಗಳಲ್ಲಿ ಮರ ಕೊಯ್ಯುವವರ ಗುಂಪು ನುಗ್ಗಿ ಹಾಳುಗೆಡವಿತು. ತಮ್ಮ ಅನ್ನಕ್ಕೆ ಕುತ್ತು ಬಂತೆಂಬ ಅವರ ಅಂದಾಜು ಸರಿಯಾಗಿಯೇ ಇತ್ತು. 1777ರಲ್ಲಿ ಸೌತಾಂಪ್ಟನ್‌ನ ಸ್ಯಾಮ್ಯುಯೆಲ್ ಮಿಲ್ಲರ್ ದುಂಡು ಗರಗಸವೂ ಸೇರಿದ್ದ ಯಂತ್ರಕ್ಕೆ ಪೇಟೆಂಟ್ ಪಡೆದ. ಅಂಥ ಗರಗಸ ಮೇಜಿನಲ್ಲಿ ಕೂತ ಮೇಲೆ ಹಲ್ಲು ಇದ್ದಲ್ಲೇ ತಿರುಗತೊಡಗಿತು, ಹಲಗೆ ಅದರತ್ತ ನಡೆಯಬೇಕಾಯಿತು. ನಿಂತ ಹಲಗೆಗೆ ಆಧಾರ ಕೊಡುವುದು ಒಂದು ಮಾತು. ಕ್ಷಣಕ್ಷಣಕ್ಕೂ ತನ್ನ ತೂಕದ ನಡುವನ್ನು ಮುಂದಕ್ಕೆ ಸಾಗಿಸುತ್ತಿರುವ ಹಲಗೆಗೆ ಕೊಡುವುದು ಬೇರೆಯೇ ಮಾತು. ಅರ್ಧಕ್ಕಿಂತ ಹೆಚ್ಚು ಮೇಜಿನಾಚೆ ಹೋದಾಗ ಆ ತುದಿ ಕುಸಿದು ಈ ತುದಿ ಏಳುತ್ತದೆ. ಓರೆಯಾದರೆ ಗರಗಸ ಅದನ್ನು ಕಚ್ಚಿ ದುಡಿಯುವವನ ಮೈಮೇಲೇ ಎಸೆಯುತ್ತದೆ. ಕಾರ್ಖಾನೆಯಲ್ಲಿ ಇದು ಅಷ್ಟಾಗಿ ಬಾಧಿಸಲಿಲ್ಲ, ಆಚೆ ಬದಿ ಹಿಡಿಯಲು ಆಳಿದ್ದ. ಅದೇ ಯಂತ್ರ ಇಪ್ಪತ್ತನೇ ಶತಮಾನದಲ್ಲಿ ಪುಟ್ಟದಾಗಿ ಅಮೆರಿಕ, ಯೂರೋಪಿನ ಮನೆಗಳ ಗ್ಯಾರೇಜಿಗೆ ಬಂತು, ಆಳು ಬರಲಿಲ್ಲ. ಉರುಳೆ ಕೂರಿಸಿದ ಸ್ಟ್ಯಾಂಡು, ಗರಗಸದ ಹಿಂದೆ ಸೇರಿಸುವ ಹೆಚ್ಚುವರಿ ಮೇಜು ಇವೆಲ್ಲ ಆ ಖಾಲಿ ಜಾಗದಲ್ಲಿ ನಿಂತವು.

ಒಂಟಿ ಬಡಗಿಯ ಪಾಡಿಗೆ ರಾನ್ ಹಿಕ್‌ಮನ್ ಒಳ್ಳೆಯ ಸಾಕ್ಷಿ. ಲೋಟಸ್ ಎಲಾನ್ ಕಾರಿನ ವಿನ್ಯಾಸಕಾರನಾದ ಈತ 1961ರಲ್ಲಿ ಮನೆಯಲ್ಲಿ ಬೀರು ಮಾಡುತ್ತಾ ಹಲಗೆಗೆ ಆಧಾರವಾಗಿ ದುಬಾರಿ ಕುರ್ಚಿಯೊಂದನ್ನು ಇಟ್ಟುಕೊಂಡ. ಗರಗಸ ಕುರ್ಚಿಯನ್ನೂ ಕೊಯ್ಯಿತು. ಆಗ ಹೊಳೆದ, ಮಡಚಬಹುದಾದ ಹಿಡಿಬೆಂಚನ್ನು ಹಲವು ಕಂಪನಿಗಳು ಬೇಡವೆಂದವು. ಕೊನೆಗೆ 1972ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಅದನ್ನು ವರ್ಕ್‌ಮೇಟ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು, ಕೋಟಿಗಟ್ಟಲೆ ಮಾರಾಟವಾಯಿತು. ಅದರ ಹಿಡಿತ ಗಟ್ಟಿ, ಆದರೆ ಅದು ಹಿಡಿಯುವುದು ಹಲಗೆಯ ನಡುವನ್ನು ಮಾತ್ರ. ತುದಿಗಳು ಜೋಲುವುದು ತಪ್ಪಲಿಲ್ಲ. ಎರಡೇ ಆಧಾರ ಸಾಧ್ಯವಿದ್ದರೆ ಅವನ್ನು ಎಲ್ಲಿಡಬೇಕೆಂಬುದನ್ನು ಖಗೋಳಜ್ಞ ಜಾರ್ಜ್ ಏರಿ 1840ರ ದಶಕದಲ್ಲೇ, ಅಳತೆಯ ಪ್ರಮಾಣ ಸರಳುಗಳಿಗಾಗಿ ಲೆಕ್ಕ ಹಾಕಿದ್ದ. ಎರಡೂ ತುದಿಯಿಂದ ಉದ್ದದ ಐದನೇ ಒಂದು ಭಾಗಕ್ಕಿಂತ ತುಸು ಒಳಗೆ, ಅಂದರೆ ಹತ್ತಡಿ ಹಲಗೆಗೆ ಎರಡಡಿಯ ಆಸುಪಾಸು. ತುದಿಗಳಲ್ಲೇ ಆಧಾರವಿಟ್ಟಾಗಿನ ಜೋಲಿಗೆ ಹೋಲಿಸಿದರೆ ಇಲ್ಲಿ ಅದು ಹತ್ತಾರು ಪಟ್ಟು ಕಡಿಮೆ.

ಮನೆಯ ಕಾರ್ಯಾಗಾರಕ್ಕೆ ನಿಜವಾದ ಬಿಡುಗಡೆ ಸಿಕ್ಕಿದ್ದು ಬೇರೆ ದಿಕ್ಕಿನಿಂದ. ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಎಡ್ಮಂಡ್ ಮಿಶೆಲ್ ಕಬ್ಬು ಕಡಿಯುವ ಯಂತ್ರದ ಯೋಚನೆಯಿಂದ ಹೊರಟು 1920ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸ ರೂಪಿಸಿದ. ಹಲಗೆ ಮತ್ತೆ ನಿಂತಿತು, ಹಲ್ಲು ಮತ್ತೆ ನಡೆಯಿತು. ಇಂದು ಬೆಂಗಳೂರಿನ ಯಾವುದೇ ಹೊಸ ಫ್ಲ್ಯಾಟಿನಲ್ಲಿ ಬಡಗಿ ಎಂಟು-ನಾಲ್ಕಡಿಯ ಪ್ಲೈವುಡ್ ಷೀಟನ್ನು ರೀಪುಗಳ ಮೇಲೆ ಮಲಗಿಸಿ, ಅದರ ಮೇಲೇ ಕೂತು ಕೈಗರಗಸ ಓಡಿಸುವುದನ್ನು ಕಾಣಬಹುದು. ಅದು ಮೇಜು ಕೊಳ್ಳಲಾಗದವನ ಪರದಾಟ ಎಂದು ಹಲವರು ಭಾವಿಸುತ್ತಾರೆ. ಮೂವತ್ತು ಕಿಲೋ ದಾಟುವ ಷೀಟನ್ನು ಒಬ್ಬನೇ ಮೇಜಿನ ಗರಗಸಕ್ಕೆ ತಳ್ಳುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಮೊಣಕಾಲು, ಸೊಂಟ ಸವೆಯುವುದಿಲ್ಲವೇ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ದಿನವಿಡೀ ನೆಲದಲ್ಲಿ ದುಡಿಯುವ ಕಸುಬುದಾರನಿಗೆ ಬೆಂಚು ಸಿಗಲೇಬೇಕು, ಚಪ್ಪಲಿ ಹಾಕಿದ ಪಾದವೇ ಹಿಡಿತವಾಗುವ ಅಪಾಯವೂ ನಿಲ್ಲಬೇಕು. ಭಾನುವಾರಕ್ಕೊಮ್ಮೆ ಕಪಾಟು ಮಾಡುವವರ ಲೆಕ್ಕ ಬೇರೆ. ದುಬಾರಿ ಸ್ಟ್ಯಾಂಡುಗಳಿಗೆ ದುಡ್ಡು ಸುರಿಯುವ ಮೊದಲು ನಾಲ್ಕು ಒಂದೇ ದಪ್ಪದ ರೀಪು ತನ್ನಿ. ಕೊಯ್ಯುವ ಗೆರೆಯ ಆಚೆಗೆರಡು, ಈಚೆಗೆರಡು ಹಾಕಿ, ಷೀಟನ್ನು ನೆಲಕ್ಕೆ ಮಲಗಿಸಿ. ತುಂಡಾದ ಎರಡೂ ಭಾಗ ಇದ್ದಲ್ಲೇ ಇರುತ್ತವೆ, ಸೀಳು ಮುಚ್ಚಿಕೊಂಡು ಗರಗಸ ಕಚ್ಚಿಕೊಳ್ಳುವುದಿಲ್ಲ.