ಉದ್ರಿ ನಿಂತ ಕಾಲ: 1875ರ ಸುಪೆ ಸಂತೆ ಮತ್ತು ನಮ್ಮ ಗಲ್ಲಿಯ ಇಸ್ತ್ರಿ ಅಂಗಡಿ

ಇವತ್ತು ಮಾತಾಡೋದು ನೂರೈವತ್ತು ವರ್ಷದ ಹಿಂದೆ ಪುಣೆ ಜಿಲ್ಲೆಯಲ್ಲಿ ನಡೆದ ಒಂದು ಗಲಾಟೆಯ ಬಗ್ಗೆ. ಆದರೆ ಶುರು ಮಾಡೋದು ವಾಕಡದ ನಮ್ಮ ಗಲ್ಲಿಯಿಂದ.

ನಮ್ಮ ಸೊಸೈಟಿ ಗೇಟಿನ ಪಕ್ಕ ತಗಡಿನ ಶೆಡ್ಡಿನಲ್ಲಿ ಒಬ್ಬರು ಇಸ್ತ್ರಿ ಮಾಡ್ತಾರೆ. ಉತ್ತರ ಪ್ರದೇಶದವರು. ಪುಣೆಗೆ ನನಗಿಂತ ಮೊದಲೇ ಬಂದವರು. ಅವರ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇದೆ: ಫ್ಲ್ಯಾಟ್ ನಂಬರು, ಎಷ್ಟು ಬಟ್ಟೆ, ತಿಂಗಳ ಕೊನೆಗೆ ಲೆಕ್ಕ. ಹೋದ ತಿಂಗಳು ನಾನು ಬಟ್ಟೆ ಗಂಟು ತಗೊಂಡು ಹೋದಾಗ, "ಇನ್ಮೇಲೆ ಅವತ್ತಿನದು ಅವತ್ತೇ ಕೊಟ್ಟುಬಿಡಿ ಸಾಬ್" ಅಂದರು. ಯಾಕೆ ಅಂತ ಕೇಳಿದೆ. ಮೂರು ಫ್ಲ್ಯಾಟಿನವರು ಬಾಕಿ ಚುಕ್ತಾ ಮಾಡದೆ ಊರಿಗೆ ಹೋಗಿಬಿಟ್ಟಿದ್ದಾರಂತೆ. ಹೋದವರು ಕೆಟ್ಟವರಲ್ಲ, ಅದನ್ನೂ ಅವರೇ ಹೇಳಿದರು. ಕೆಲಸ ಹೋದ ಗಡಿಬಿಡಿಯಲ್ಲಿ ನೂರಿನ್ನೂರು ರೂಪಾಯಿಯ ಇಸ್ತ್ರಿ ಲೆಕ್ಕ ಯಾರಿಗೆ ನೆನಪಿರುತ್ತೆ?

ಆಮೇಲೆ ಇನ್ನೊಂದು ಮಾತು ಹೇಳಿದರು. ಮೊದಲೆಲ್ಲ ಒಂದೊಂದು ಮನೆಯಿಂದ ವಾರಕ್ಕೆ ಹತ್ತು ಹದಿನೈದು ಬಟ್ಟೆ ಬರ್ತಿದ್ದವು. ಈಗ ಕೆಲವರು ಬೆಳಿಗ್ಗೆ ಒಂಬತ್ತಕ್ಕೆ ಓಡಿಬಂದು ಒಂದೇ ಒಂದು ಶರ್ಟು ಕೊಟ್ಟು, ನಿಂತು ಮಾಡಿಸಿಕೊಂಡು ಹೋಗ್ತಾರೆ. ಪ್ಯಾಂಟು ಇರಲ್ಲ, ಶರ್ಟು ಮಾತ್ರ. ಅವರಿಗೆ ಅದು ವಿಚಿತ್ರ ಅನಿಸಿತ್ತು. ನಮ್ಮಂಥವರಿಗೆ ಅರ್ಥ ಆಗುತ್ತೆ: ವಿಡಿಯೊ ಇಂಟರ್‌ವ್ಯೂ.

2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡ್ತೀವಿ ಅಂದಾಗ ಅದು ಪತ್ರಿಕೆಯಲ್ಲಿ ಬಂತು. ಇಸ್ತ್ರಿ ಅಂಗಡಿಯ ನೋಟ್‌ಬುಕ್ ಯಾವ ಪತ್ರಿಕೆಯಲ್ಲೂ ಬರಲ್ಲ. ಹೌದು, ನನ್ನದು ಒಂದೇ ಗಲ್ಲಿ, ಸ್ಯಾಂಪಲ್ ಸೈಜ್ ಒಂದು. ವರ್ಕ್ ಫ್ರಂ ಹೋಮ್ ಬಂದ ಮೇಲೆ ಇಸ್ತ್ರಿ ಬಟ್ಟೆ ಹೇಗೂ ಕಡಿಮೆಯಾಗಿದೆ ಅಂತ ನೀವು ವಾದ ಮಾಡಬಹುದು, ಅದೂ ಸರಿಯೇ. ಹಾಗಾಗಿ ಬಟ್ಟೆಯ ಸಂಖ್ಯೆಯನ್ನು ನಾನು ಅಷ್ಟು ನಂಬಲ್ಲ. ಆದರೆ ಉದ್ರಿ ನಿಂತಿದ್ದನ್ನು ನಂಬ್ತೀನಿ. ಅದಕ್ಕೆ ಕಾರಣ ಸುಪೆ.

ಸುಪೆ ಎಲ್ಲಿದೆ? ಹಡಪ್ಸರ್ ದಾಟಿ, ದಿವೇ ಘಾಟ್ ಹತ್ತಿ, ಸಾಸವಡ ಆದಮೇಲೆ ಜೇಜುರಿ. ಜೇಜುರಿಯ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ, ಹಾಗಾಗಿ ನಮ್ಮಲ್ಲಿ ಬಹಳ ಜನ ಅಲ್ಲಿವರೆಗೆ ಹೋಗಿರ್ತಾರೆ. ಅಲ್ಲಿಂದ ಮುಂದೆ ಅಷ್ಟವಿನಾಯಕರಲ್ಲಿ ಒಬ್ಬನಾದ ಮೋರ್ಗಾಂವ್ ಗಣಪತಿ. ಅದರಾಚೆ ಸ್ವಲ್ಪ ದೂರಕ್ಕೆ ಸುಪೆ. ಈಗ ಬಾರಾಮತಿ ತಾಲೂಕು, ಆಗ ಭೀಮಥಡಿ ತಾಲೂಕು. ಚಿಂಕಾರ ನೋಡೋಕೆ ಕ್ಯಾಮೆರಾ ಹಿಡಿದು ಮಯೂರೇಶ್ವರ ಅಭಯಾರಣ್ಯಕ್ಕೆ ಹೋಗುವವರಿಗೆ ಈ ಊರು ಗೊತ್ತು. 1875ರ ಮೇ 12, ಬುಧವಾರ, ಸಂತೆಯ ದಿನ, ಸುತ್ತಲಿನ ಹಳ್ಳಿಗಳ ರೈತರು ಇಲ್ಲಿ ಸೇರಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಲೆಕ್ಕದ ಪುಸ್ತಕ, ಸಾಲದ ಪತ್ರ ಎಲ್ಲ ಹೊರಗೆ ಎಳೆದು ಬೆಂಕಿ ಹಚ್ಚಿದರು. ಇತಿಹಾಸದಲ್ಲಿ ಇದಕ್ಕೆ ಡೆಕ್ಕನ್ ದಂಗೆ ಅಂತ ಹೆಸರು.

ಸುಪೆಯ ಗಲಾಟೆ ಒಂದು ದಿನದ್ದು. ನನಗೆ ಕುತೂಹಲ ಇರೋದು ಅದಕ್ಕೂ ಮೊದಲಿನ ಹದಿನಾಲ್ಕು ವರ್ಷದ ಮೇಲೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿವರೆಗೆ ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದಿಂದ ಬರ್ತಿತ್ತು. 1861ರಲ್ಲಿ 20 ಲಕ್ಷಕ್ಕೂ ಹೆಚ್ಚು ಬೇಲ್ ಬಂದಿದ್ದರೆ ಮರುವರ್ಷ ಬಂದದ್ದು 55,000 ಬೇಲ್. ಸರ್ವರ್ ಡೌನ್ ಆದ ಹಾಗೆ. ಬ್ಯಾಕಪ್ ಯಾವುದು? ಭಾರತ.

ನಮ್ಮ ಧಾರವಾಡ ಈ ಕಥೆಯಲ್ಲಿ ಮೊದಲೇ ಇತ್ತು. 1840ರ ದಶಕದಲ್ಲೇ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎರೆಹೊಲಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಜಾತಿಯ ಬೀಜ ಬಿತ್ತಿಸಿದ್ದರು. ಆ ಹತ್ತಿಗೆ 'ಧಾರವಾಡ್ ಅಮೆರಿಕನ್' ಅಂತಲೇ ಹೆಸರು. ಅಲ್ಲಿನ ನಾಟಿ ಹತ್ತಿಗೆ ವ್ಯಾಪಾರದಲ್ಲಿ 'ಕುಂಪ್ಟಾ' ಅನ್ನುವ ಹೆಸರು, ಯಾಕಂದರೆ ಅದು ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ಕುಮಟಾ ಬಂದರಿನಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಬಾಂಬೆಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಕೈ ಇದೆ. ಕಾರವಾರ ಬಂದರು ಬೆಳೆಸಿ ಧಾರವಾಡದ ಹತ್ತಿ ಸಾಗಿಸಬೇಕಿತ್ತು. ಮಂಗಳೂರಿನವರೂ ಕಾರವಾರದವರೂ ಬೇರೆ ಬೇರೆ ಪ್ರಾಂತ್ಯದವರಾಗಿ ಉಳಿದದ್ದು ಹೀಗೆ.

ದುಡ್ಡು ಹರಿದು ಬಂದ ದಾರಿ ನೋಡಿ. ಇಂಗ್ಲೆಂಡಿನ ವ್ಯಾಪಾರಿಯ ಆರ್ಡರು ಬಾಂಬೆಯ ರಫ್ತುದಾರನಿಗೆ. ಅವನು ಪೇಟೆಯ ದೊಡ್ಡ ಸಾಹುಕಾರನಿಗೆ ಮುಂಗಡ ಕೊಟ್ಟ. ಪೇಟೆ ಸಾಹುಕಾರ ಹಳ್ಳಿ ಸಾಹುಕಾರನಿಗೆ, ಅವನು ರೈತನಿಗೆ. ಹತ್ತಿ ಹಾಕುವ ಒಂದೊಂದು ಎಕರೆಗೆ ₹100 ಮುಂಗಡ ಸಿಗ್ತಿತ್ತು. 1860ರಿಂದ 1864ರೊಳಗೆ ಹತ್ತಿ ಬೆಳೆಯುವ ಜಮೀನು ಎರಡು ಪಟ್ಟಾಯಿತು. ಬಾಂಬೆಯಲ್ಲಂತೂ ಶೇರು ಹುಚ್ಚು. ಸಮುದ್ರ ತುಂಬಿಸಿ ಜಾಗ ಮಾಡ್ತೀವಿ ಅಂದ ಬ್ಯಾಕ್ ಬೇ ಕಂಪನಿಯ ಶೇರು ಹತ್ತು ಪಟ್ಟಿನ ಹತ್ತಿರಕ್ಕೆ ಹೋಯಿತು. ಆ ಕಾಲದ ಹೀರೊ ಪ್ರೇಮಚಂದ್ ರಾಯಚಂದ್. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಟವರ್ ಅವರು ಕೊಟ್ಟ ದುಡ್ಡಿನದು, ಹೆಸರು ಅವರ ತಾಯಿಯದು.

ಪುಣೆಗೂ ಪಾಲು ಬಂತು. 1863ರಲ್ಲಿ ಭೋರ್ ಘಾಟಿನ ರೈಲು ದಾರಿ ಮುಗಿಯಿತು. ಯೂನಿವರ್ಸಿಟಿ ಚೌಕದ ಟ್ರಾಫಿಕ್ಕಿನಲ್ಲಿ ನಾವು ದಿನಾ ಬಯ್ಯುತ್ತಾ ನಿಲ್ತೀವಲ್ಲ, ಒಳಗಿರುವ ವಿಶ್ವವಿದ್ಯಾಲಯದ ಹಳೆಯ ಮುಖ್ಯ ಕಟ್ಟಡ ಅವತ್ತಿನ ಗವರ್ನರ್ ಬಾರ್ಟಲ್ ಫ್ರೇರ್ ಶುರು ಮಾಡಿಸಿದ ಬಂಗಲೆ. ಕೆಲಸ ಶುರುವಾದದ್ದು 1864ರಲ್ಲಿ, ತೇಜಿ ಕಾಲದಲ್ಲಿ, ಮುಗಿದದ್ದು 1871ರಲ್ಲಿ. ಅಷ್ಟೊತ್ತಿಗೆ ಕಾಲ ಬದಲಾಗಿ, ಇದು ದುಂದುವೆಚ್ಚ ಅಂತ ಲಂಡನ್ನಿನ ಸಂಸತ್ತಿನಲ್ಲೂ ಟೀಕೆ ಬಂತು.

1865ರ ಏಪ್ರಿಲ್ 9ಕ್ಕೆ ಅಮೆರಿಕದಲ್ಲಿ ಜನರಲ್ ಲೀ ಶರಣಾದ. ಬಾಂಬೆಯಲ್ಲಿ ಜುಲೈ 1ಕ್ಕೆ ದೊಡ್ಡ ವಾಯಿದೆ ವ್ಯವಹಾರಗಳೆಲ್ಲ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಪ್ರೇಮಚಂದ್ ಮುಳುಗಿದರು, ಬ್ಯಾಂಕ್ ಆಫ್ ಬಾಂಬೆ ಮುಳುಗಿತು.

ಬಾಂಬೆ ಕುಸಿದದ್ದು 1865ರಲ್ಲಿ, ಸುಪೆ ಉರಿದದ್ದು 1875ರಲ್ಲಿ. ಮಧ್ಯದ ಹತ್ತು ವರ್ಷ ಏನಾಗ್ತಿತ್ತು?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಪುಣೆ ಜಿಲ್ಲೆ ಹತ್ತಿ ಸೀಮೆ ಅಲ್ಲ. ಸುಪೆ ಕಡೆ ಸಜ್ಜೆ, ಜೋಳ. ಹಾಗಾಗಿ 'ಹತ್ತಿ ಬಿತ್ತು, ದಂಗೆ ಆಯ್ತು' ಅನ್ನುವ ಶಾಲೆಯ ಪಾಠದ ಸರಳ ಲೆಕ್ಕವನ್ನು ಪ್ರಶ್ನಿಸಿದ ಇತಿಹಾಸಕಾರರು ಇದ್ದಾರೆ. ನನಗೂ ಆ ಪ್ರಶ್ನೆ ಸರಿ ಅನಿಸುತ್ತೆ. ಆದರೆ ಹತ್ತಿ ಬೆಳೆಯದವನ ಹತ್ತಿರವೂ ಎತ್ತಿನ ಗಾಡಿ ಇತ್ತು, ರೈಲ್ವೆ ಕೆಲಸದ ಕೂಲಿ ಇತ್ತು, ಏರಿದ ಕಾಳಿನ ಬೆಲೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸುಲಭದ ಸಾಲ ಇತ್ತು. ನಮ್ಮ ಇಸ್ತ್ರಿಯವರು ಕೋಡ್ ಬರೆಯಲ್ಲ. ಆದರೂ ಅಮೆರಿಕದ ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದರೆ ಅವರ ಇದ್ದಿಲು ಉಳಿಯುತ್ತೆ.

ಆ ಹತ್ತು ವರ್ಷದಲ್ಲಿ ರೈಲ್ವೆ ಕೆಲಸ ಮುಗಿಯಿತು, ಬೆಲೆ ಇಳಿಯಿತು. ಸರ್ಕಾರ ಮಾತ್ರ ತೇಜಿ ಕಾಲದ ಕಣ್ಣಿನಿಂದಲೇ ನೋಡ್ತಿತ್ತು. 1836ರಲ್ಲಿ ಇಂದಾಪುರದಲ್ಲಿ ಮೊದಲು ಗೊತ್ತು ಮಾಡಿದ್ದ ಮೂವತ್ತು ವರ್ಷದ ಕಂದಾಯದ ಅವಧಿ ಮುಗಿದು, 1867ರಿಂದ ಒಂದೊಂದೇ ತಾಲೂಕಿನಲ್ಲಿ ಹೊಸ ದರ ಬಂತು. ಎಷ್ಟೋ ಕಡೆ ಶೇ 50ರಿಂದ 100ರಷ್ಟು ಏರಿಕೆ. ಅಪ್ರೈಸಲ್ ಹೋದ ವರ್ಷದ ನಂಬರಿನ ಮೇಲೆ, ಟಾರ್ಗೆಟ್ ಮುಂದಿನ ವರ್ಷಕ್ಕೆ, ಗೊತ್ತಲ್ಲ.

ಇದೇ ಹೊತ್ತಿನಲ್ಲಿ ಉದ್ರಿ ನಿಂತಿತು. ಮೇಲಿನಿಂದ ಮುಂಗಡ ಬರೋದು ನಿಂತಾಗ ಹಳ್ಳಿ ಸಾಹುಕಾರ ಹೊಸ ಸಾಲ ಕೊಡೋದು ನಿಲ್ಲಿಸಿ ಹಳೆಯದನ್ನು ಕೇಳಲು ಶುರು ಮಾಡಿದ. ರೈತನಿಗೆ ಸಿಟ್ಟು ಬಂದದ್ದು ಬರೀ ಬಡ್ಡಿಗಲ್ಲ. ಬಡ್ಡಿ ಹಿಂದೆಯೂ ಇತ್ತು, ಆದರೆ ಬಡ್ಡಿ ಅಸಲಿಗಿಂತ ಹೆಚ್ಚಾಗಬಾರದು ಅನ್ನುವ ಹಳೆಯ ಕಟ್ಟು ಇತ್ತು, ಕಷ್ಟದ ವರ್ಷದಲ್ಲಿ ಕೈಬಿಡಬಾರದು ಅನ್ನುವ ಮರ್ಯಾದೆ ಇತ್ತು. ಆ ಮರ್ಯಾದೆ ಹೋಯಿತು ಅನ್ನುವುದೇ ಸಿಟ್ಟು. ಆಮೇಲೆ ತನಿಖೆಯಲ್ಲಿ ಸಿಕ್ಕ ಒಂದು ಪ್ರಕರಣದಲ್ಲಿ ₹100 ಸಾಲಕ್ಕೆ ಹಾಕಿದ ಬಡ್ಡಿ ₹2,000 ದಾಟಿತ್ತು.

ಕಾನೂನು ಸಹಾಯಕ್ಕೆ ಬಂದು ಉಪದ್ರವ ಆದದ್ದೂ ಉಂಟು. ಸಾಲದ ಪತ್ರ ಮೂರು ವರ್ಷ ಮಾತ್ರ ನಡೆಯುತ್ತೆ ಅಂತ 1859ರಲ್ಲಿ ಕಾಯ್ದೆ ಮಾಡಿದ್ದರು, ಬಡ್ಡಿ ಬೆಳೆಯದೆ ಇರಲಿ ಅಂತ. ಸಾಹುಕಾರರು ಮೂರು ವರ್ಷಕ್ಕೊಮ್ಮೆ ಹೊಸ ಪತ್ರ ಬರೆಸಿದರು. ಹಳೆಯ ಅಸಲು, ಹಳೆಯ ಬಡ್ಡಿ ಎರಡೂ ಸೇರಿ ಹೊಸ ಅಸಲು. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪರ್ಸನಲ್ ಲೋನ್ ಮಾಡಿಸಿ, ಅದನ್ನು ಟಾಪ್‌ಅಪ್ ಮಾಡಿಸಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

1874ರ ಡಿಸೆಂಬರಿನಲ್ಲಿ ಮೊದಲ ಕಿಡಿ. ಜಾಗ ಕರ್ಡೆ, ಶಿರೂರು ತಾಲೂಕು. ರಾಂಜಣಗಾಂವ್ ಎಂಐಡಿಸಿ ಇರುವ ತಾಲೂಕು. ಒಬ್ಬ ಸಾಹುಕಾರ ಕೋರ್ಟಿನ ಡಿಕ್ರಿ ತಂದು ಊರಿನ ದೇಶಮುಖರ ಮನೆಯನ್ನೇ ಕೆಡವಲು ಹೊರಟ. ಊರಿನವರು ಕೈ ಎತ್ತಲಿಲ್ಲ. ಅವನ ಅಂಗಡಿಗೆ ಹೋಗೋದು ಬಿಟ್ಟರು. ಅವನ ಹೊಲ ಯಾರೂ ಉಳಲಿಲ್ಲ. ಕ್ಷೌರಿಕ ಕ್ಷೌರ ಮಾಡಲ್ಲ ಅಂದ, ಅಗಸ ಬಟ್ಟೆ ಮುಟ್ಟಲಿಲ್ಲ, ಬಡಿಗ, ಕಮ್ಮಾರ, ಚಮ್ಮಾರ ಯಾರೂ ಬರಲಿಲ್ಲ. ಮರಾಠಿಯಲ್ಲಿ ಇವರಿಗೆ ಬಲುತೇದಾರರು ಅಂತಾರೆ, ನಮ್ಮಲ್ಲಿ ಆಯಗಾರರು. ಸುಗ್ಗಿಯಲ್ಲಿ ಕಾಳು ಪಡೆದು ವರ್ಷವಿಡೀ ಕೆಲಸ ಮಾಡುವವರು. ಅಂದರೆ ಇಡೀ ಊರಿಗೆ ಉದ್ರಿ ಕೊಟ್ಟವರಲ್ಲಿ ಸಾಹುಕಾರ ಒಬ್ಬನೇ ಅಲ್ಲ, ಇವರೂ ಇದ್ದರು, ಬಡ್ಡಿಯಿಲ್ಲದೆ. ಸುಗ್ಗಿ ಸೊರಗಿದರೆ ಇವರ ಮೊರವೂ ಖಾಲಿ. ದಂಗೆಗೆ ಐದು ತಿಂಗಳು ಮೊದಲೇ ಕ್ಷೌರಿಕನ ಕತ್ತಿ ನಿಂತಿತ್ತು. ಕಲೆಕ್ಟರ್ ಕಚೇರಿಯಲ್ಲಿ ಅದನ್ನು ಓದಬಲ್ಲವರು ಇದ್ದಂತೆ ಕಾಣಲ್ಲ.

ಬಹಿಷ್ಕಾರ ಊರಿಂದ ಊರಿಗೆ ಹಬ್ಬಿತು. ಮೇ 12ಕ್ಕೆ ಸುಪೆ. ಅಲ್ಲಿಂದ ಪುಣೆ, ಅಹಮದ್‌ನಗರ ಜಿಲ್ಲೆಗಳ 30ಕ್ಕೂ ಹೆಚ್ಚು ಹಳ್ಳಿ. ಪೊಲೀಸರು ಸಾಲದೆ ಸೈನ್ಯ ಬಂತು. ಆದರೆ ರೈತರು ಕೇಳಿದ್ದು ಬಹುತೇಕ ಕಾಗದವನ್ನೇ. ಪತ್ರ ಕೊಟ್ಟ ಸಾಹುಕಾರನನ್ನು ಹೆಚ್ಚಿನ ಕಡೆ ಹಾಗೇ ಬಿಟ್ಟರು; ಕೊಡದಿದ್ದ ಕಡೆ ಮನೆಗೆ ಬೆಂಕಿ ಬಿತ್ತು.

ಈ ಕಥೆಯಲ್ಲಿ ನನಗೆ ಹಿತವಲ್ಲದ ಭಾಗ ಇನ್ನೊಂದಿದೆ. ಸಾಲ ಕೊಡುವವರಲ್ಲಿ ಸ್ಥಳೀಯ ಬ್ರಾಹ್ಮಣರೂ ಇದ್ದರು, ಹೊರಗಿನಿಂದ ಬಂದ ಮಾರವಾಡಿ, ಗುಜರ್ ಸಾಹುಕಾರರೂ ಇದ್ದರು. ಇಬ್ಬರೂ ಇದ್ದ ಊರುಗಳಲ್ಲೂ ಪೆಟ್ಟು ಬಿದ್ದದ್ದು ಹೆಚ್ಚಾಗಿ ಹೊರಗಿನವರಿಗೆ. ಅವರ ಬಡ್ಡಿ ಹೆಚ್ಚಿತ್ತು, ಕೋರ್ಟಿಗೆ ಹೋಗಲು ನಾಚಿಕೆ ಇರಲಿಲ್ಲ ಅನ್ನುವುದು ಒಂದು ಉತ್ತರ. ಅದರಲ್ಲಿ ಸತ್ಯ ಇದೆ. ಆದರೆ ಆ ಹಳ್ಳಿ ಮಾರವಾಡಿ ಬಾಂಬೆಯಿಂದ ಬರ್ತಿದ್ದ ಸರಪಳಿಯ ಕೊನೆಯ ಕೊಂಡಿ. ಮ್ಯಾಂಚೆಸ್ಟರ್ ಸುಪೆಯ ಕಣ್ಣಿಗೆ ಕಾಣ್ತಿರಲಿಲ್ಲ, ಅವನು ಕಾಣ್ತಿದ್ದ. ಕೊಂಡವಾಡಿ ಒಂದು ಗಲ್ಲಿಯಲ್ಲಿ ಇಡ್ಲಿ ಗಾಡಿ ಇಟ್ಟವರು, ಹಿಂಜವಡಿಯಲ್ಲಿ ನಾಲ್ಕು ಪಟ್ಟು ಬಾಡಿಗೆ ಕೊಟ್ಟು ರೇಟ್ ಏರಿಸಿದ 'ಐಟಿವಾಲೆ' ಅಂತ ಕರೆಸಿಕೊಳ್ಳುವ ನಾವು, ಈ ಊರಿನಲ್ಲಿ ಯಾವ ಕೊಂಡಿ? ತೇಜಿಯಲ್ಲಿ ಈ ಪ್ರಶ್ನೆ ಯಾರೂ ಕೇಳಲ್ಲ.

ಸರ್ಕಾರ ಆಯೋಗ ಮಾಡಿತು. ವರದಿ 1878ರಲ್ಲಿ ಬ್ರಿಟಿಷ್ ಸಂಸತ್ತಿಗೆ ಹೋಯಿತು. ಅಷ್ಟರಲ್ಲಿ ನಮ್ಮ ಕಡೆ ಧಾತು-ಈಶ್ವರ ಬರ ಅಂತ ಅಜ್ಜಂದಿರು ನೆನಪಿಟ್ಟ 1876-78ರ ಮಹಾ ಕ್ಷಾಮ ಬಂದು ಹೋಗಿತ್ತು. 1879ರಲ್ಲಿ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ ಡೆಕ್ಕನ್ ರೈತರ ಪರಿಹಾರ ಕಾಯ್ದೆ ಬಂತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವಂತಿಲ್ಲ, ಪತ್ರದ ಹಿಂದಿನ ನಿಜವಾದ ಲೆಕ್ಕವನ್ನು ಕೋರ್ಟು ಕೆದಕಿ ನೋಡಬಹುದು. ಒಳ್ಳೆಯ ಕಾಯ್ದೆಯೇ. ಆದರೆ ಆಮೇಲೆ ಎಷ್ಟೋ ಸಾಹುಕಾರರು ಸಾಲ ಕೊಡೋದನ್ನು ಬಿಗಿ ಮಾಡಿದರು, ಇಲ್ಲವೇ ಸಾಲಪತ್ರದ ಬದಲು ಜಮೀನಿನ ಖರೀದಿ ಪತ್ರವನ್ನೇ ಬರೆಸಿಕೊಂಡರು. ಉದ್ರಿಯ ಮೇಲಿನ ನಂಬಿಕೆಯನ್ನು ಕಾಯ್ದೆಯಿಂದ ವಾಪಸ್ ತರಲು ಆಗಲಿಲ್ಲ.

ಈ ಭಾನುವಾರ ಇಸ್ತ್ರಿ ಅಂಗಡಿಗೆ ಹೋಗಿದ್ದೆ. ಅವತ್ತಿನದು ಅವತ್ತೇ ಕೊಟ್ಟೆ. ನೋಟ್‌ಬುಕ್ ತೆರೆದೇ ಇತ್ತು. ಊರಿಗೆ ಹೋದ ಮೂರು ಫ್ಲ್ಯಾಟಿನವರ ನಂಬರುಗಳ ಮೇಲೆ ಇನ್ನೂ ಗೆರೆ ಎಳೆದಿರಲಿಲ್ಲ. ಯಾಕೆ ಅಂದೆ. "ಆಯೇಂಗೆ" ಅಂದರು, ಇದ್ದಿಲು ಊದುತ್ತಾ.