ನಾವಿಕರ ಡಬ್ಬಿಯ ಹೆಸರು

ಊಟ ಕೆಟ್ಟಿದ್ದಾಗ ಅದಕ್ಕೊಂದು ಅಡ್ಡಹೆಸರಿಟ್ಟು ನಗುವುದು ಮನುಷ್ಯಸ್ವಭಾವ. ವಿದ್ಯಾರ್ಥಿನಿಲಯದ ನೀರು ಸಾರಿಗೆ ಹೆಸರಿಡದ ಹುಡುಗರುಂಟೆ? ಬ್ರಿಟಿಷ್ ನೌಕಾಪಡೆಯ ನಾವಿಕರೂ ತಮಗೆ ಬಡಿಸುತ್ತಿದ್ದ ಡಬ್ಬಿಯ ಕುರಿಮಾಂಸಕ್ಕೆ ಹೀಗೆಯೇ ಒಂದು ಹೆಸರಿಟ್ಟರು. ಅದು ‘ಫ್ಯಾನಿ ಆಡಮ್ಸ್’.

ಇದು ಯಾರೋ ಅಡಿಗೆಯವಳ ಹೆಸರೆಂದು ತೋರಬಹುದು. ಅಲ್ಲ, ಎಂಟು ವರ್ಷದ ಒಂದು ಮಗುವಿನ ಹೆಸರು. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಆಲ್ಟನ್ ಎಂಬ ಸಣ್ಣ ಪಟ್ಟಣವಿದೆ. 1867ನೆಯ ಆಗಸ್ಟ್ 24ರಂದು ಅಲ್ಲಿ ತಂಗಿ ಮತ್ತು ಗೆಳತಿಯೊಡನೆ ಆಡಲು ಹೋದ ಫ್ಯಾನಿ ಮನೆಗೆ ಮರಳಲಿಲ್ಲ. ವಕೀಲರೊಬ್ಬರ ಗುಮಾಸ್ತನಾಗಿದ್ದ ಫ್ರೆಡರಿಕ್ ಬೇಕರ್ ಎಂಬವನು ಅವಳನ್ನು ಕರೆದೊಯ್ದು ಕೊಂದು, ದೇಹವನ್ನು ತುಂಡರಿಸಿದ್ದನು. ಅದೇ ಡಿಸೆಂಬರಿನಲ್ಲಿ ವಿಂಚೆಸ್ಟರಿನ ಸೆರೆಮನೆಯ ಮುಂದೆ, ಸಾವಿರಾರು ಜನರ ಎದುರಿಗೆ, ಅವನಿಗೆ ಗಲ್ಲಾಯಿತು.

ಆ ವರ್ಷಗಳಲ್ಲಿಯೇ ನೌಕಾಪಡೆಯಲ್ಲಿ ಡಬ್ಬಿಯ ಕುರಿಮಾಂಸ ಬಳಕೆಗೆ ಬಂದಿತು. ಡಬ್ಬಿಯೆಂದರೆ ನಾವಿಕರಿಗೆ ಮೊದಲೇ ಅನುಮಾನ. ಗೋಲ್ಡ್‌ನರ್ ಎಂಬ ಗುತ್ತಿಗೆದಾರನು ಒದಗಿಸಿದ್ದ ಡಬ್ಬಿಗಳನ್ನು 1852ರಲ್ಲಿ ತೆರೆದು ನೋಡಿದಾಗ, ಒಳಗೆ ಕೊಳೆತ ಮಾಂಸವಿದ್ದುದು ಬಯಲಾಗಿತ್ತು. ಈ ಅನುಮಾನವೂ ಪತ್ರಿಕೆಗಳಲ್ಲಿ ಓದಿದ ಆಲ್ಟನ್ನಿನ ಸುದ್ದಿಯೂ ಸೇರಿ ಒಂದು ಕ್ರೂರವಾದ ಹಾಸ್ಯ ಹುಟ್ಟಿತು. ಡಬ್ಬಿಯಲ್ಲಿರುವುದು ಆ ಹುಡುಗಿಯೇ ಎಂದು ನಾವಿಕರು ಆಡಿಕೊಂಡರು. ಖಾಲಿಯಾದ ದೊಡ್ಡ ಡಬ್ಬಿಗಳನ್ನು ಅಡಿಗೆ, ಊಟಗಳಿಗೆ ಇಟ್ಟುಕೊಂಡು ಅವಕ್ಕೂ ‘ಫ್ಯಾನಿ’ ಎಂದೇ ಹೇಳತೊಡಗಿದರು.

ವ್ಯಾಪಾರಿ ಹಡಗಿನವರೂ ಹಿಂದೆ ಬೀಳಲಿಲ್ಲ. 1874ರಲ್ಲಿ ಲಂಡನ್ನಿನಲ್ಲಿ ಕೊಲೆಯಾದ ಹ್ಯಾರಿಯಟ್ ಲೇನ್ ಎಂಬ ಹೆಂಗಸಿನ ಹೆಸರನ್ನು ತಮ್ಮ ಡಬ್ಬಿಯ ಮಾಂಸಕ್ಕೆ ಕೊಟ್ಟರು.

ಮಾತು ಹಡಗಿನಿಂದ ದಡಕ್ಕಿಳಿದಂತೆ ಅರ್ಥವೂ ಬದಲಾಯಿತು. ರುಚಿಯಿಲ್ಲದ ಮಾಂಸವೆಂಬುದು ‘ಬೆಲೆಯಿಲ್ಲದ್ದು’ ಎಂದಾಗಿ, ಕಡೆಗೆ ‘ಏನೂ ಇಲ್ಲ’ ಎಂದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದರ ಮೊದಲಕ್ಷರಗಳಾದ ಎಫ್. ಎ. ಎಂಬುವು ಒಂದು ಅಶ್ಲೀಲ ಬೈಗುಳಕ್ಕೆ ಮರೆಯೂ ಆದುವು. ಹೀಗೆ ‘ಸ್ವೀಟ್ ಫ್ಯಾನಿ ಆಡಮ್ಸ್’ ಎಂದು ನಕ್ಕವರಲ್ಲಿ ಎಷ್ಟೋ ಮಂದಿಗೆ ಅದು ಯಾರ ಹೆಸರೆಂಬುದೇ ತಿಳಿಯದು.

ನಾವಿಕರನ್ನು ಕಲ್ಲೆದೆಯವರೆಂದು ಜರೆಯುವುದು ಸುಲಭ. ತಿಂಗಳುಗಟ್ಟಲೆ ಕಡಲಿನ ಮೇಲೆ ಅದೇ ಮಾಂಸವನ್ನು ತಿನ್ನಬೇಕಾದವರಿಗೆ ನಗೆಯೊಂದೇ ಉಪ್ಪು, ಉಪ್ಪಿನಕಾಯಿ. ಆದರೆ ಆ ನಗೆಯ ಬೆಲೆಯನ್ನು ತೆತ್ತದ್ದು ಒಂದು ಮಗುವಿನ ಹೆಸರು.

ಆಲ್ಟನ್ನಿನ ಜನ ಅದನ್ನು ಮರೆಯಲಿಲ್ಲ. 1874ರಲ್ಲಿ ಚಂದಾ ಎತ್ತಿ ಅವಳ ಸಮಾಧಿಗೆ ಒಂದು ಕಲ್ಲು ನಿಲ್ಲಿಸಿದರು. ಜನರ ನಾಲಗೆಯ ಮೇಲೆ ‘ಏನೂ ಇಲ್ಲ’ವಾದ ಆ ಹೆಸರು, ಆ ಕಲ್ಲಿನ ಮೇಲೆ ಒಬ್ಬ ಹುಡುಗಿಯದಾಗಿಯೇ ಉಳಿದಿದೆ.